ಜೇಬಲ್ಲಿಟ್ಟುಕೊಳ್ಳೋ ಆಂಟಿಬಯೋಟಿಕ್ ಚಾರ್ಟು: ಒಂದೂವರೆ ವರ್ಷ ಐಸಿಯುನಲ್ಲಿ ಬಳಸಿದ ಮೇಲೆ ಬರೀತಿರೋದು

ಐಸಿಯುನಲ್ಲಿ ನರ್ಸ್ ಆಗಿ 11 ವರ್ಷ ಆಯ್ತು. ಆಂಟಿಬಯೋಟಿಕ್ ಬರೆಯೋದು ಡಾಕ್ಟರು, ಆದ್ರೆ ಅದನ್ನ ಕಲಸೋದು, ಲೈನಿಗೆ ಹಾಕೋದು, ಪಂಪ್ ಸೆಟ್ ಮಾಡೋದು, ಆಮೇಲೆ ಪೇಷಂಟ್ ಪಕ್ಕ ನಿಂತು ಮುಖ ನೋಡೋದು ಎಲ್ಲಾ ನಾವು, ಅದಕ್ಕೇ ಈ ಚಾರ್ಟ್ ಕೈಗೆ ಸಿಕ್ಕಾಗ ತುಂಬಾ ಖುಷಿಯಾಗಿತ್ತು. ಅಂಗೈ ಅಗಲ, ನಾಲ್ಕು ಮಡಿಕೆ, ಲ್ಯಾಮಿನೇಟ್ ಮಾಡಿದ್ದು. ಒಂದು ಕಡೆ ಯಾವ ಔಷಧಿ ಯಾವ ಬ್ಯಾಕ್ಟೀರಿಯಾಗೆ ಅಂತ ಬಣ್ಣದ ಚೌಕಗಳು, ಹಿಂದೆ ಡೋಸು, ಕೊನೇ ಮಡಿಕೆಯಲ್ಲಿ ಏನೇನು ಗಮನಿಸಬೇಕು ಅನ್ನೋ ಒಂದು ಪಟ್ಟಿ. ಕಂಪನಿ ಹೆಸರು ಬರೀತಿಲ್ಲ, ಯಾಕಂದ್ರೆ ಈ ಥರದ ಚಾರ್ಟುಗಳನ್ನ ನಾನು ಮೂರು ನಾಲ್ಕು ನೋಡಿದೀನಿ, ಗುಣ ದೋಷ ಎರಡೂ ಹೆಚ್ಚುಕಮ್ಮಿ ಒಂದೇ.

ಮೊದಲು ಸಣ್ಣಪುಟ್ಟ ವಿಷಯ ಮುಗಿಸಿಬಿಡ್ತೀನಿ. ಲ್ಯಾಮಿನೇಶನ್ ಗಟ್ಟಿ, ದಿನಕ್ಕೆ ಎಷ್ಟು ಸಲ ಸ್ಯಾನಿಟೈಸರ್ ಹಾಕಿ ಒರೆಸಿದ್ರೂ ಅಕ್ಷರ ಅಳಿಸಿಲ್ಲ. ಮಡಿಕೆ ಮಾತ್ರ ಎಂಟು ತಿಂಗಳಿಗೆ ಸೀಳಿತು, ಅದೂ ಸರಿಯಾಗಿ ಸೆಫಲೋಸ್ಪೊರಿನ್ ಕಾಲಂ ಮೇಲೆ, ಈಗ ಟೇಪ್ ಹಾಕಿದೀನಿ. ಅಕ್ಷರ ಚಿಕ್ಕದು. ರಾತ್ರಿ ಲೈಟ್ ಕಮ್ಮಿ ಮಾಡಿರ್ತೀವಲ್ಲ, ಆಗ ಓದೋದು ಕಷ್ಟ.

ಇನ್ನು ಬಣ್ಣದ ಕಡೆ. ಇದು ನಿಜವಾಗ್ಲೂ ಚೆನ್ನಾಗಿದೆ, ಹೊಸದಾಗಿ ಡ್ಯೂಟಿಗೆ ಸೇರಿದ ಹುಡುಗೀರಿಗೆ ನಾನು ಇದನ್ನೇ ತೋರಿಸಿ ಹೇಳಿಕೊಡ್ತೀನಿ. ಹಸಿರು ಅಂದ್ರೆ ಔಷಧಿ ನಾಟುತ್ತೆ, ಕೆಂಪು ಅಂದ್ರೆ ಇಲ್ಲ. ಲ್ಯಾಬಲ್ಲಿ ಬಣ್ಣ ಹಾಕಿ ಬೇರೆ ಮಾಡೋ ಎರಡು ಗುಂಪಲ್ಲಿ ಗ್ರಾಂ ಪಾಸಿಟಿವ್ ಎಡಗಡೆ, ಗ್ರಾಂ ನೆಗೆಟಿವ್ ಮಧ್ಯ, ಆಮ್ಲಜನಕ ಇಲ್ಲದ ಕಡೆ ಬದುಕೋ ಅನೆರೋಬ್‌ಗಳು ಬಲಗಡೆ, ತೀರಾ ತುದಿಯಲ್ಲಿ ಮೈಕೊಪ್ಲಾಸ್ಮಾ, ಲೀಜಿಯೊನೆಲ್ಲಾ ಥರದ, ಮಾಮೂಲಿ ಗುಂಪಿಗೆ ಸೇರದ ಅಟಿಪಿಕಲ್‌ಗಳು. ಒಂದು ಸಾಲಲ್ಲಿ ಕಣ್ಣು ಓಡಿಸಿದ್ರೆ ಸಾಕು, ವ್ಯಾಂಕೋಮೈಸಿನ್ ಎಡಗಡೆ ಮಾತ್ರ ಹಸಿರು, ಮಧ್ಯಕ್ಕೆ ಬಂದ ತಕ್ಷಣ ಎಲ್ಲಾ ಕೆಂಪು. ಯಾಕೆ ಅಂತ ಕೇಳಿದ್ರೆ ಉತ್ತರ ಸರಳ, ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗೆ ಹೊರಗಡೆ ಇನ್ನೊಂದು ಪೊರೆ ಇದೆ, ವ್ಯಾಂಕೋಮೈಸಿನ್ ಅಣು ದಪ್ಪ, ಆ ಪೊರೆಯ ಸಂದಿಯಲ್ಲಿ ನುಗ್ಗಕ್ಕಾಗಲ್ಲ. ಸೆಫ್ಟ್ರಿಯಾಕ್ಸೋನ್ ಸಾಲು ನೋಡಿ, ಹಸಿರು ಬಹಳ ಇದ್ರೂ ಕೆಂಪು ಚೌಕಗಳೂ ಇವೆ, ಅದರಲ್ಲಿ ಎಂಟೆರೊಕಾಕಸ್, ಲಿಸ್ಟೀರಿಯಾ, ಸ್ಯೂಡೋಮೊನಾಸ್ ಈ ಮೂರು ಗಮನಿಸಿ. ಆ ಮೂರು ಕೆಂಪು ಚೌಕ ನೆನಪಿದ್ರೆ, ವಯಸ್ಸಾದವರಿಗೆ ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಅಂತ ಬಂದಾಗ ಸೆಫ್ಟ್ರಿಯಾಕ್ಸೋನ್ ಜೊತೆ ಆಂಪಿಸಿಲಿನ್ ಯಾಕೆ ಬರೀತಾರೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ, ಅದು ಲಿಸ್ಟೀರಿಯಾಗೆ. ಹಾಗೇ ಎರ್ಟಾಪೆನೆಮ್, ಮೆರೊಪೆನೆಮ್ ಎರಡೂ ಒಂದೇ ಮನೆತನ ಆದ್ರೂ ಎರ್ಟಾಪೆನೆಮ್‌ಗೆ ಸ್ಯೂಡೋಮೊನಾಸ್ ಮೇಲೂ ಇಲ್ಲ, ಅಸಿನೆಟೊಬ್ಯಾಕ್ಟರ್ ಮೇಲೂ ಇಲ್ಲ, ಅದನ್ನ ಚಾರ್ಟ್ ಎದ್ದು ಕಾಣೋ ಹಾಗೆ ತೋರಿಸುತ್ತೆ. ಮೆರೊಪೆನೆಮ್ ಹಾಕಿದ್ರೆ ಎಲ್ಲಾ ಕವರ್ ಆಯ್ತು ಅಂದ್ಕೊಳ್ಳೋರು ಅದೇ ಸಾಲಲ್ಲಿ ಇರೋ ಎಂಆರ್‌ಎಸ್‌ಎ (ಪೆನಿಸಿಲಿನ್ ಜಾತಿಯ ಮಾಮೂಲಿ ಔಷಧಿಗೆ ಬಗ್ಗದ ಸ್ಟ್ಯಾಫ್ ಬ್ಯಾಕ್ಟೀರಿಯಾ) ಮತ್ತು ಸ್ಟೆನೊಟ್ರೊಫೊಮೊನಾಸ್ ಚೌಕ ಒಂದ್ಸಲ ನೋಡ್ಲಿ, ಎರಡೂ ಕೆಂಪು.

ಆದ್ರೆ ಚೌಕಕ್ಕೆ ಒಂದು ಮಿತಿ ಇದೆ, ಅದನ್ನ ಚಾರ್ಟ್ ಮಾಡಿದವರು ಎಲ್ಲೂ ಬರೆದಿಲ್ಲ, ನನ್ನ ಮೊದಲ ದೂರು ಇದೇ. ಹಸಿರು ಅಂದ್ರೆ ಲ್ಯಾಬಿನ ತಟ್ಟೆಯಲ್ಲಿ ಸಾಯುತ್ತೆ ಅಂತ ಅಷ್ಟೇ, ಈ ಪೇಷಂಟಿನ ಈ ಜಾಗದಲ್ಲಿ ಸಾಯುತ್ತಾ ಅನ್ನೋದು ಬೇರೆ ಪ್ರಶ್ನೆ. ಡ್ಯಾಪ್ಟೋಮೈಸಿನ್‌ಗೆ ಎಂಆರ್‌ಎಸ್‌ಎ ಚೌಕ ಗಾಢ ಹಸಿರು, ನ್ಯೂಮೋನಿಯಾಗೆ ಕೊಟ್ರೆ ಉಪಯೋಗ ಇಲ್ಲ, ಶ್ವಾಸಕೋಶದೊಳಗೆ ಇರೋ ಸರ್ಫ್ಯಾಕ್ಟೆಂಟ್ ಅನ್ನೋ ಜಿಡ್ಡು ಪದಾರ್ಥ ಅದನ್ನ ಕಟ್ಟಿಹಾಕಿಬಿಡುತ್ತೆ. ನೈಟ್ರೊಫ್ಯುರಾಂಟೊಯಿನ್ ಈಕೋಲೈಗೆ ಹಸಿರು, ಆದ್ರೆ ಅದು ಮೂತ್ರಕೋಶದಲ್ಲಿ ಮಾತ್ರ ಕೆಲಸ ಮಾಡುವಷ್ಟು ಸೇರುತ್ತೆ, ಸೋಂಕು ಕಿಡ್ನಿಗೆ ಏರಿದ್ರೆ ಅಥವಾ ರಕ್ತಕ್ಕೆ ಬಂದ್ರೆ ಅದು ಲೆಕ್ಕಕ್ಕಿಲ್ಲ. ಜೆಂಟಾಮೈಸಿನ್, ಅಮಿಕಾಸಿನ್ ಕೀವು ತುಂಬಿದ ಜಾಗದಲ್ಲಿ ಸೋಲುತ್ತೆ, ಅಲ್ಲಿ ಆಮ್ಲ ಜಾಸ್ತಿ, ಆಮ್ಲಜನಕ ಕಮ್ಮಿ, ಆಮ್ಲಜನಕ ಇಲ್ದೆ ಈ ಔಷಧಿ ಬ್ಯಾಕ್ಟೀರಿಯಾ ಒಳಗೆ ಹೋಗೋದೇ ಇಲ್ಲ. ವ್ಯಾಂಕೋಮೈಸಿನ್‌ನ ನರದಲ್ಲಿ ಕೊಟ್ರೆ ಕರುಳಿಗೆ ಇಳಿಯಲ್ಲ, ಬಾಯಲ್ಲಿ ಕೊಟ್ರೆ ರಕ್ತಕ್ಕೆ ಏರಲ್ಲ, ಅದಕ್ಕೇ ಸಿ ಡಿಫ್ ಅನ್ನೋ ಕರುಳಿನ ಬ್ಯಾಕ್ಟೀರಿಯಾದ ಭೇದಿಗೆ ಬಾಯಲ್ಲೇ ಕೊಡಬೇಕು, 125 ಮಿಲಿಗ್ರಾಂ 6 ಗಂಟೆಗೊಮ್ಮೆ. ಚಾರ್ಟಲ್ಲಿ ಸಿ ಡಿಫ್ ಚೌಕ ಸುಮ್ಮನೆ ಹಸಿರು ಹಾಕಿ ಬಿಟ್ಟಿದಾರೆ, ಯಾವ ದಾರಿ ಅಂತ ಇಲ್ಲ. ನಾನು ಪೆನ್ನಲ್ಲಿ ಅದರ ಮೇಲೆ ಬಾಯಿ ಅಂತ ಬರೆದಿದೀನಿ.

ಇನ್ನೊಂದು ಅರ್ಧ ಹಸಿರಿನ ಕಥೆ. ಇಎಸ್‌ಬಿಎಲ್ (ಸೆಫಲೋಸ್ಪೊರಿನ್ ಥರದ ಔಷಧಿ ಒಡೆದುಹಾಕೋ ಕಿಣ್ವ ಇರೋ ಬ್ಯಾಕ್ಟೀರಿಯಾ) ಕಾಲಂನಲ್ಲಿ ಪಿಪೆರಾಸಿಲಿನ್ ಟಾಜೊಬ್ಯಾಕ್ಟಂಗೆ, ನಮ್ಮ ಬಾಯಲ್ಲಿ ಪಿಪ್‌ಟಾಜ್, ಅರ್ಧ ಹಸಿರು ಹಾಕಿದಾರೆ. ಸೆನ್ಸಿಟಿವಿಟಿ ರಿಪೋರ್ಟಲ್ಲೂ ಎಷ್ಟೋ ಸಲ ಎಸ್, ಅಂದ್ರೆ ಔಷಧಿ ನಾಟುತ್ತೆ, ಅಂತಲೇ ಬರುತ್ತೆ, ನೋಡಿದವರಿಗೆ ಧೈರ್ಯ ಬಂದುಬಿಡುತ್ತೆ. 2018ರಲ್ಲಿ ಪ್ರಕಟವಾದ ಮೆರಿನೊ ಅನ್ನೋ ಟ್ರಯಲ್‌ನಲ್ಲಿ ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗದ ಈಕೋಲೈ, ಕ್ಲೆಬ್ಸಿಯೆಲ್ಲಾ ರಕ್ತದಲ್ಲಿ ಬಂದವರಿಗೆ ಇದನ್ನೂ ಮೆರೊಪೆನೆಮ್‌ನೂ ಹೋಲಿಸಿದ್ರು, 30 ದಿನದೊಳಗೆ ತೀರಿಹೋದವರು ಪಿಪ್‌ಟಾಜ್ ಗುಂಪಲ್ಲಿ ಶೇ. 12.3, ಮೆರೊಪೆನೆಮ್ ಗುಂಪಲ್ಲಿ ಶೇ. 3.7. ಇಷ್ಟು ವ್ಯತ್ಯಾಸ ಇರೋದಕ್ಕೆ ಅರ್ಧ ಹಸಿರು ಸಾಲದು, ರಕ್ತದ ಸೋಂಕಿಗೆ ಬೇಡ ಅಂತ ಒಂದು ಚಿಕ್ಕ ಗುರುತಾದ್ರೂ ಇರಬೇಕಿತ್ತು.

ಹಿಂದಿನ ಪುಟ ಡೋಸಿನದು. ಇದಕ್ಕೆ ನಾನು ಮನಸಾರೆ ಮೆಚ್ಚುಗೆ ಕೊಡ್ತೀನಿ, ಯಾಕೆ ಅಂದ್ರೆ ಇದು ಒಬ್ಬರನ್ನ ನನ್ನ ಕಣ್ಣೆದುರಿಗೇ ಉಳಿಸಿದೆ. 78 ವರ್ಷದ ಒಬ್ಬ ಅಜ್ಜಿ, ತೂಕ ಬರೀ 45 ಕೆಜಿ, ಸೆಫೆಪಿಮ್ 2 ಗ್ರಾಂ 8 ಗಂಟೆಗೊಮ್ಮೆ ನಡೀತಿತ್ತು. ಬಂದ ದಿನ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸೋ ರಕ್ತ ಪರೀಕ್ಷೆ) 0.9, ರಿಪೋರ್ಟಲ್ಲಿ ನಾರ್ಮಲ್ ಅಂತ ಇತ್ತು, ಎಲ್ಲರೂ ಕಿಡ್ನಿ ಚೆನ್ನಾಗಿದೆ ಅಂದ್ಕೊಂಡ್ವಿ. ನಾಲ್ಕನೇ ರಾತ್ರಿ ನನ್ನನ್ನ ತಮ್ಮ ಮಗಳ ಹೆಸರಿಟ್ಟು ಕರೆಯೋಕೆ ಶುರು ಮಾಡಿದ್ರು, ಆಮೇಲೆ ಮಾತೇ ಕಮ್ಮಿ ಆಯ್ತು, ಕೈ ಆಗಾಗ ಬೆಚ್ಚಿಬಿದ್ದ ಹಾಗೆ ಎಗರೋದು. ಹ್ಯಾಂಡೋವರ್‌ನಲ್ಲಿ ವಯಸ್ಸಾದವರು, ಐಸಿಯು ಗೊಂದಲ ಅಂತ ಹೇಳಿ ಹೋಗಿದ್ರು. ನನಗೆ ಆ ಕೈ ಎಗರೋದು ಸಮಾಧಾನ ಆಗ್ಲಿಲ್ಲ. ಅವತ್ತಿನ ಕ್ರಿಯಾಟಿನಿನ್ 2.1 ಆಗಿತ್ತು, ಚಾರ್ಟ್ ತೆಗೆದು ಅದರಲ್ಲಿರೋ ಲೆಕ್ಕ ಹಾಕಿದೆ, 140ರಲ್ಲಿ ವಯಸ್ಸು ಕಳೆದು ತೂಕದಿಂದ ಗುಣಿಸಿ, ಅದನ್ನ ಕ್ರಿಯಾಟಿನಿನ್ 72ಪಟ್ಟು ಮಾಡಿ ಬಂದಿದ್ದರಿಂದ ಭಾಗಿಸಿ, ಹೆಂಗಸಾದ್ರೆ 0.85ರಿಂದ ಗುಣಿಸೋದು. ಕಿಡ್ನಿ ಸೋಸೋ ಶಕ್ತಿ ನಿಮಿಷಕ್ಕೆ 16 ಮಿಲಿಲೀಟರ್ ಬಂತು. ಆ ಕಿಡ್ನಿಗೆ ದಿನಕ್ಕೆ ಒಂದೇ ಸಲ 2 ಗ್ರಾಂ ಸಾಕು, ನಾವು ಮೂರು ಸಲ ಕೊಡ್ತಾ ಇದ್ವಿ. ಆಮೇಲೆ ಕೂತು ಬಂದ ದಿನದ 0.9ಗೂ ಲೆಕ್ಕ ಹಾಕಿ ನೋಡಿದೆ, ಸುಮಾರು 37 ಅಷ್ಟೇ, ಅಂದ್ರೆ ಮೊದಲ ದಿನ ನಾರ್ಮಲ್ ಅಂದ್ಕೊಂಡ ಕಿಡ್ನಿಗೂ 12 ಗಂಟೆಗೊಮ್ಮೆ ಸಾಕಿತ್ತು. ಸ್ನಾಯು ಕಮ್ಮಿ ಇರೋ ವಯಸ್ಸಾದವರಲ್ಲಿ ಕ್ರಿಯಾಟಿನಿನ್ ಸುಳ್ಳು ಹೇಳುತ್ತೆ ಅಂತ ಓದಿದ್ದೆ, ಅವತ್ತು ನೋಡಿದೆ. ಡ್ಯೂಟಿ ಡಾಕ್ಟರ್‌ಗೆ ಫೋನ್ ಮಾಡಿ ಸರ್, ಇದು ಸೆಫೆಪಿಮ್ ಇರಬಹುದಾ ಅಂತ ಕೇಳಿದೆ, ಅವರು ಬೇಜಾರು ಮಾಡ್ಕೊಳ್ಳದೆ ಬಂದ್ರು, ಮುಂದಿನ ಡೋಸ್ ನಿಲ್ಲಿಸಿದ್ರು, ಬೆಳಿಗ್ಗೆ ಇಇಜಿ (ಮಿದುಳಿನ ವಿದ್ಯುತ್ ಪರೀಕ್ಷೆ) ಆಯ್ತು, ಔಷಧಿ ಬದಲಾಯಿಸಿದ್ರು. ಮೂರನೇ ದಿನ ಅಜ್ಜಿ ನನ್ನನ್ನ ಸಿಸ್ಟರ್ ಅಂತ ಕರೆದ್ರು.

ಕಿಡ್ನಿ ಪ್ರಕಾರ ಡೋಸ್ ಇಳಿಸೋ ಟೇಬಲ್ ಅಷ್ಟು ಸ್ಪಷ್ಟವಾಗಿ ಇಲ್ದೇ ಇದ್ರೆ ನಾನು ಆ ರಾತ್ರಿ ಫೋನ್ ಮಾಡ್ತಿರಲಿಲ್ಲವೇನೋ. ಯಾವುದಕ್ಕೆ ಇಳಿಸೋ ಹಾಗಿಲ್ಲ ಅನ್ನೋದನ್ನೂ ಬೇರೆ ಬಣ್ಣದಲ್ಲಿ ಕೊಟ್ಟಿದಾರೆ, ಸೆಫ್ಟ್ರಿಯಾಕ್ಸೋನ್, ಲಿನೆಜೊಲಿಡ್, ಡಾಕ್ಸಿಸೈಕ್ಲಿನ್, ಕ್ಲಿಂಡಾಮೈಸಿನ್, ಇದೂ ಒಳ್ಳೇದು. ಇಲ್ಲಿ ಕೊರತೆ ಎರಡಿದೆ. ಕ್ರಿಯಾಟಿನಿನ್ ದಿನದಿನಕ್ಕೂ ಏರ್ತಾ ಇದ್ರೆ ಈ ಲೆಕ್ಕ ಕಿಡ್ನಿಯನ್ನ ಇರೋದಕ್ಕಿಂತ ಚೆನ್ನಾಗಿದೆ ಅಂತ ತೋರಿಸುತ್ತೆ, ಆ ಎಚ್ಚರಿಕೆ ಇಲ್ಲ. ಎರಡನೇದು, ಮೊದಲ ಡೋಸ್‌ಗೆ ಕಿಡ್ನಿ ನೋಡಿ ಕಮ್ಮಿ ಮಾಡಬಾರದು ಅನ್ನೋದು ಎಲ್ಲೋ ಮೂಲೆಯಲ್ಲಿದೆ. ಸೆಪ್ಸಿಸ್‌ನಲ್ಲಿ (ಸೋಂಕಿನಿಂದ ಅಂಗಗಳೇ ಕೆಡೋ ಸ್ಥಿತಿ) ಮೈಯೆಲ್ಲಾ ನೀರು ತುಂಬಿರುತ್ತೆ, ಔಷಧಿ ಹಂಚಿಹೋಗುತ್ತೆ, ಮೊದಲ ಡೋಸ್ ಪೂರ್ತಿ ಬೇಕು, ಕಿಡ್ನಿ ಲೆಕ್ಕ ಎರಡನೇ ಡೋಸ್‌ನಿಂದ. ಇದು ದಪ್ಪ ಅಕ್ಷರದಲ್ಲಿ ಮೇಲ್ಗಡೆನೇ ಇರಬೇಕಾದ ಸಾಲು.

ಕೊಲಿಸ್ಟಿನ್ ಬಗ್ಗೆ ಬೇರೆಯಾಗೇ ಹೇಳ್ಬೇಕು, ಇಲ್ಲಿ ಚಾರ್ಟ್ ಅಪಾಯಕಾರಿ. ಒಂದೇ ವಯಲ್‌ನ ಮೂರು ರೀತಿ ಬರೀತಾರೆ, ಕೆಲವರು ಯುನಿಟ್‌ನಲ್ಲಿ, ಕೆಲವರು ಕೊಲಿಸ್ಟಿಮೆಥೇಟ್ (ವಯಲ್‌ನಲ್ಲಿರೋ ರೂಪ) ಮಿಲಿಗ್ರಾಂನಲ್ಲಿ, ಕೆಲವರು ಕೊಲಿಸ್ಟಿನ್ ಬೇಸ್ (ಅದರಿಂದ ಸಿಗೋ ಅಸಲಿ ಔಷಧಿ) ಮಿಲಿಗ್ರಾಂನಲ್ಲಿ. 10 ಲಕ್ಷ ಯುನಿಟ್ ಅಂದ್ರೆ ಕೊಲಿಸ್ಟಿಮೆಥೇಟ್ ಲೆಕ್ಕದಲ್ಲಿ 80 ಮಿಲಿಗ್ರಾಂ, ಬೇಸ್ ಲೆಕ್ಕದಲ್ಲಿ 30ರಿಂದ 34. ಚಾರ್ಟಲ್ಲಿ ಬರೀ ಮಿಲಿಗ್ರಾಂ ಅಂತ ಇದೆ, ಯಾವ ಮಿಲಿಗ್ರಾಂ ಅಂತ ಇಲ್ಲ! ಒಂದನ್ನ ಇನ್ನೊಂದು ಅಂದ್ಕೊಂಡ್ರೆ ಎರಡೂವರೆ ಪಟ್ಟು ಹೆಚ್ಚುಕಮ್ಮಿ ಆಗುತ್ತೆ, ಅದೂ ಕಿಡ್ನಿ ಹಾಳು ಮಾಡೋ ಔಷಧಿಯಲ್ಲಿ. ನಾವು ಯಾವಾಗ್ಲೂ ಯುನಿಟ್‌ನಲ್ಲೇ ಬರೆಸ್ಕೊಳ್ತೀವಿ, ದೊಡ್ಡವರಿಗೆ ಲೋಡಿಂಗ್, ಅಂದ್ರೆ ಮೊದಲ ದೊಡ್ಡ ಡೋಸ್, 90 ಲಕ್ಷ ಯುನಿಟ್, ಬೇರೆ ರೀತಿ ಬರೆದಿದ್ರೆ ಕಲಸೋಕೆ ಮುಂಚೆ ಕೇಳ್ತೀವಿ. ಇದೇ ಕುಟುಂಬದ ಪಾಲಿಮಿಕ್ಸಿನ್ ಬಿ ಬೇರೆ ಔಷಧಿ, ಅದಕ್ಕೆ ಕಿಡ್ನಿ ನೋಡಿ ಇಳಿಸಲ್ಲ, ಇವೆರಡನ್ನೂ ಒಂದೇ ಸಾಲಲ್ಲಿ ಹಾಕಿರೋದೂ ತಪ್ಪೇ. ಪ್ರೋಟಿಯಸ್, ಸೆರೇಶಿಯಾ, ಪ್ರಾವಿಡೆನ್ಸಿಯಾಗೆ ಇವು ಹುಟ್ಟಾ ಕೆಲಸ ಮಾಡಲ್ಲ ಅನ್ನೋದನ್ನ ಮಾತ್ರ ಸರಿಯಾಗಿ ಕೆಂಪು ಹಾಕಿದಾರೆ.

ನನ್ನ ದೊಡ್ಡ ಬೇಸರ ಕೊನೇ ಮಡಿಕೆ ಬಗ್ಗೆ. ಗಮನಿಸಬೇಕಾದ್ದು ಅಂತ ಹೆಬ್ಬೆರಳು ಅಗಲದ ಪಟ್ಟಿ, ಅದರಲ್ಲಿ ಕಿಡ್ನಿ, ಲಿವರ್, ರಕ್ತ ಅಂತ ಒಂದೊಂದು ಪದ. ಸೆಫೆಪಿಮ್ ಮುಂದೆ ಕಿಡ್ನಿ ಅಂತ ಬರೆದು ಬಿಟ್ಟಿದಾರೆ, ಗೊಂದಲ ಆಗಬಹುದು, ಕೈಕಾಲು ಎಗರಬಹುದು ಅಂತ ಎರಡು ಪದ ಇದ್ದಿದ್ರೆ ಆ ಅಜ್ಜಿ ವಿಷಯ ಒಂದು ದಿನ ಮುಂಚೆನೇ ಗೊತ್ತಾಗ್ತಿತ್ತು. ಪಕ್ಕದಲ್ಲಿ ನಿಂತಿರೋಳು ನಾನು, ನನಗೆ ಕಣ್ಣಿಗೆ ಏನು ಕಾಣುತ್ತೆ ಅನ್ನೋದು ಬೇಕು. ಎಷ್ಟು ಹೊತ್ತಲ್ಲಿ ಓಡಿಸಬೇಕು, ಯಾವಾಗ ರಕ್ತ ತೆಗೀಬೇಕು, ಯಾವುದರ ಜೊತೆ ಒಂದೇ ಲೈನಲ್ಲಿ ಬೇಡ, ಇದಾವುದಕ್ಕೂ ಚಾರ್ಟಲ್ಲಿ ಜಾಗ ಇಲ್ಲ.

ವ್ಯಾಂಕೋಮೈಸಿನ್ ತಗೊಳ್ಳಿ. ನಿಮಿಷಕ್ಕೆ 10 ಮಿಲಿಗ್ರಾಂಗಿಂತ ಜೋರಾಗಿ ಬೇಡ, ಅಂದ್ರೆ 1 ಗ್ರಾಂಗೆ ಕಮ್ಮಿ ಅಂದ್ರೂ 100 ನಿಮಿಷ, ಒಂದೂವರೆ ಗ್ರಾಂ ಆದ್ರೆ 150 ನಿಮಿಷ. ಅವಸರಕ್ಕೆ ಬೇಗ ಓಡಿಸಿದ್ರೆ ಮುಖ, ಕುತ್ತಿಗೆ, ಎದೆ ಕೆಂಪಾಗಿ ಕಡಿತ ಶುರು, ಬಿಪಿ ಕೂಡ ಬೀಳಬಹುದು. ಬಹಳ ಸಲ ಅದು ಅಲರ್ಜಿ ಅಲ್ಲ, ವೇಗಕ್ಕೆ ಮೈಯಲ್ಲಿ ಹಿಸ್ಟಮಿನ್ ಬಿಡುಗಡೆ ಆಗೋದು, ನಿಲ್ಲಿಸಿ, ಸೆಟ್ರಿಜಿನ್ ಥರದ್ದು ಕೊಟ್ಟು ನಿಧಾನಕ್ಕೆ ಮತ್ತೆ ಶುರು ಮಾಡಬಹುದು, ಆದ್ರೆ ಅವಸರದಲ್ಲಿ ಕೇಸ್ ಶೀಟಲ್ಲಿ ವ್ಯಾಂಕೋ ಅಲರ್ಜಿ ಅಂತ ಬರೆದುಬಿಟ್ರೆ ಆ ಮನುಷ್ಯನಿಗೆ ಮುಂದೆ ಒಂದು ಒಳ್ಳೇ ಔಷಧಿ ತಪ್ಪಿಹೋಗುತ್ತೆ. ಇನ್ನು ಲೆವೆಲ್. ಚಾರ್ಟಲ್ಲಿ ಟ್ರಫ್ (ಮುಂದಿನ ಡೋಸ್‌ಗೆ ಮುಂಚೆ ರಕ್ತದಲ್ಲಿ ಉಳಿದಿರೋ ಮಟ್ಟ) 15ರಿಂದ 20 ಅಂತ ಹಳೇದೇ ಇದೆ, 2020ರ ಅಮೆರಿಕದ ಗೈಡ್‌ಲೈನ್ ಬಂದ ಮೇಲೆ ಗಂಭೀರ ಎಂಆರ್‌ಎಸ್‌ಎ ಸೋಂಕಿಗೆ ಎಯುಸಿ (ಇಡೀ ದಿನದಲ್ಲಿ ಮೈಗೆ ಸಿಕ್ಕ ಒಟ್ಟು ಔಷಧಿಯ ಅಳತೆ) 400ರಿಂದ 600 ನೋಡಿ ಅಂತಾರೆ, ಟ್ರಫ್‌ನ ಅಷ್ಟು ಮೇಲೆ ಇಟ್ಟು ಕಿಡ್ನಿ ಕೆಡಿಸೋದು ಬೇಡ ಅಂತ. ಎರಡು ಸ್ಯಾಂಪಲ್ ಬೇಕು, ಒಂದು ಓಡಿಸಿ ಮುಗಿದ ಒಂದೆರಡು ಗಂಟೆಗೆ, ಇನ್ನೊಂದು ಮುಂದಿನ ಡೋಸ್‌ಗೆ ಸ್ವಲ್ಪ ಮುಂಚೆ. ಯಾವ ಲೈನಲ್ಲಿ ಔಷಧಿ ಹೋಗ್ತಿದೆಯೋ ಅದರಿಂದ ರಕ್ತ ಎಳೆದ್ರೆ ನಂಬರ್ ಸುಳ್ಳು ಬರುತ್ತೆ. ಟೈಮ್ ಬರೆಯದೆ ಕಳಿಸಿದ ಸ್ಯಾಂಪಲ್ ಇದ್ದೂ ಇಲ್ಲದ ಹಾಗೆ, ಇದನ್ನ ನಾನು ಪ್ರತೀ ಹೊಸಬರಿಗೂ ಹೇಳ್ತೀನಿ, ಡೋಸ್ ಶುರು ಆಗಿದ್ದು, ಮುಗಿದಿದ್ದು, ರಕ್ತ ತೆಗೆದಿದ್ದು ಮೂರೂ ಟೈಮ್ ಬರೀರಮ್ಮಾ ಅಂತ.

ಓಡಿಸೋ ಹೊತ್ತಿನ ಬಗ್ಗೆ ಇನ್ನೂ ಸ್ವಲ್ಪ. ಪಿಪ್‌ಟಾಜ್, ಮೆರೊಪೆನೆಮ್ ಥರದ ಬೀಟಾ ಲ್ಯಾಕ್ಟಮ್‌ಗಳು (ಪೆನಿಸಿಲಿನ್ ಮನೆತನದವು) ಕೆಲಸ ಮಾಡೋದು ರಕ್ತದಲ್ಲಿ ಮಟ್ಟ ಎಷ್ಟು ಎತ್ತರ ಹೋಯ್ತು ಅನ್ನೋದರಿಂದ ಅಷ್ಟಾಗಿ ಅಲ್ಲ, ಬೇಕಾದ ಮಟ್ಟಕ್ಕಿಂತ ಮೇಲೆ ಎಷ್ಟು ಹೊತ್ತು ಇತ್ತು ಅನ್ನೋದರಿಂದ. ಅದಕ್ಕೇ ಪಿಪ್‌ಟಾಜ್ 4 ಗಂಟೆ, ಮೆರೊಪೆನೆಮ್ 3 ಗಂಟೆ ಓಡಿಸೋದು. ಅಮಿಕಾಸಿನ್, ಜೆಂಟಾಮೈಸಿನ್ ಇದಕ್ಕೆ ತದ್ವಿರುದ್ಧ, ಅವಕ್ಕೆ ಎತ್ತರ ಬೇಕು, ದಿನದ ಡೋಸ್ ಒಂದೇ ಸಲ, ಅಮಿಕಾಸಿನ್ ಆದ್ರೆ ಕೆಜಿಗೆ 15 ಮಿಲಿಗ್ರಾಂ ಅಥವಾ ಇನ್ನೂ ಸ್ವಲ್ಪ ಜಾಸ್ತಿ, ಅರ್ಧದಿಂದ ಒಂದು ಗಂಟೆಯಲ್ಲಿ, ಆಮೇಲೆ ಮಟ್ಟ ಪೂರ್ತಿ ಇಳಿಯೋಕೆ ಬಿಡಬೇಕು. ಇಳೀದೇ ಇದ್ರೆ ಕಿಡ್ನಿ, ಕಿವಿ ಎರಡಕ್ಕೂ ಪೆಟ್ಟು, ಕಿಡ್ನಿ ಸಾಮಾನ್ಯವಾಗಿ ಸುಧಾರಿಸಿಕೊಳ್ಳುತ್ತೆ, ಕಿವಿ ಹೋದ್ರೆ ವಾಪಸ್ ಬರಲ್ಲ. ಪೇಷಂಟ್ ಕಿವಿಯಲ್ಲಿ ಗುಂಯ್ ಅಂತಿದೆ, ತಲೆ ತಿರುಗ್ತಿದೆ ಅಂದ್ರೆ ಅದನ್ನ ಬರೆದು ಆ ಹೊತ್ತಿಗೇ ಹೇಳಬೇಕು. ಈ ಎರಡು ಗುಂಪನ್ನೂ ಒಂದೇ ಬಾಟಲಿಯಲ್ಲಿ ಬೆರೆಸಬಾರದು, ಪೆನಿಸಿಲಿನ್ ಜಾತಿಯವು ಅಮಿಕಾಸಿನ್ ಥರದ ಅಮಿನೊಗ್ಲೈಕೊಸೈಡ್‌ನ ಕೆಡಿಸುತ್ತೆ. ಸೆಫ್ಟ್ರಿಯಾಕ್ಸೋನ್‌ನ ರಿಂಗರ್ ಲ್ಯಾಕ್ಟೇಟ್ ಜೊತೆ ಬೆರೆಸೋದೂ ಬೇಡ, ಕ್ಯಾಲ್ಸಿಯಂ ಜೊತೆ ಗಟ್ಟಿಯಾಗುತ್ತೆ, ಹಸುಗೂಸುಗಳಲ್ಲಿ ಇದು ಜೀವಕ್ಕೇ ಅಪಾಯ.

ಉಳಿದವನ್ನ ನಾನು ಕೈಯಲ್ಲಿ ಬರೆದುಕೊಂಡಿರೋ ಹಾಗೇ ಹೇಳ್ತೀನಿ. ಲಿನೆಜೊಲಿಡ್, ಬಾಯಲ್ಲಿ ಕೊಟ್ರೂ ನರದಲ್ಲಿ ಕೊಟ್ರೂ ಅಷ್ಟೇ ಡೋಸು, 600 ಮಿಲಿಗ್ರಾಂ ಎರಡು ಹೊತ್ತು, ವಾರಕ್ಕೊಂದ್ಸಲ ಪ್ಲೇಟ್‌ಲೆಟ್, ಎರಡು ವಾರ ದಾಟಿದ್ರೆ ಇನ್ನೂ ಹುಷಾರು, ಡಿಪ್ರೆಶನ್ ಮಾತ್ರೆ ತಗೊಳ್ತಾ ಇದಾರಾ ಅಂತ ಮನೆಯವರನ್ನ ಕೇಳು. ಡ್ಯಾಪ್ಟೋಮೈಸಿನ್, ವಾರಕ್ಕೊಂದ್ಸಲ ಸಿಪಿಕೆ (ಸ್ನಾಯು ಕೆಟ್ಟರೆ ಏರೋ ರಕ್ತ ಪರೀಕ್ಷೆ), ತೊಡೆ ನೋವು ಅಂದ್ರೆ ಅಲಕ್ಷ್ಯ ಬೇಡ, ಕೊಲೆಸ್ಟ್ರಾಲ್ ಮಾತ್ರೆ ಸ್ಟ್ಯಾಟಿನ್ ಇದೆಯಾ ನೋಡು. ಕೋಟ್ರಿಮಾಕ್ಸಜೋಲ್, ಪೊಟ್ಯಾಸಿಯಂ ಏರುತ್ತೆ, ಕೆಲವು ಬಿಪಿ ಮಾತ್ರೆ ಅಥವಾ ಸ್ಪೈರೊನೊಲ್ಯಾಕ್ಟೋನ್ ಜೊತೆ ಇದ್ರೆ ಇನ್ನೂ ಬೇಗ. ಲೆವೊಫ್ಲಾಕ್ಸಸಿನ್, ಸಿಪ್ರೊಫ್ಲಾಕ್ಸಸಿನ್, ಹಿಮ್ಮಡಿ ಹಿಂದಿನ ಸ್ನಾಯುರಜ್ಜು ನೋವು, ಸಕ್ಕರೆ ಇಳಿಯೋದು, ಇಸಿಜಿಯಲ್ಲಿ ಕ್ಯೂಟಿ ಅನ್ನೋ ಅಂತರ ಉದ್ದ ಆಗೋದು, ಆಂಟಾಸಿಡ್, ಕಬ್ಬಿಣ, ಕ್ಯಾಲ್ಸಿಯಂ ಜೊತೆ ಮೂಗಿನ ನಳಿಗೆಯಲ್ಲಿ ಹಾಕಿದ್ರೆ ಔಷಧಿ ಮೈಗೆ ಹತ್ತೋದೇ ಇಲ್ಲ. ಮೆರೊಪೆನೆಮ್ ಶುರು ಮಾಡಿದಾಗ ವ್ಯಾಲ್‌ಪ್ರೊಯೇಟ್ ಮೇಲೆ ಇರೋ ಫಿಟ್ಸ್ ಪೇಷಂಟಾ ಅಂತ ನೋಡು, ವ್ಯಾಲ್‌ಪ್ರೊಯೇಟ್ ಮಟ್ಟ ಧಡಕ್ಕನೆ ಬೀಳುತ್ತೆ. ಡಾಕ್ಸಿಸೈಕ್ಲಿನ್ ಕೂರಿಸಿ, ತುಂಬಾ ನೀರು ಕೊಟ್ಟು ನುಂಗಿಸು, ಮಲಗಿಸಿ ಕೊಟ್ರೆ ಅನ್ನನಾಳ ಸುಡುತ್ತೆ. ಮತ್ತೆ ಎಲ್ಲದಕ್ಕೂ, ಭೇದಿ ಎಷ್ಟು ಸಲ ಅಂತ ಎಣಿಸು.

ಪೆನಿಸಿಲಿನ್ ಅಲರ್ಜಿ ಅನ್ನೋ ಚಿಕ್ಕ ಬಾಕ್ಸ್ ಒಂದಿದೆ, ಅದು ಚೆನ್ನಾಗಿದೆ. ಅಲರ್ಜಿ ಇದೆ ಅಂತ ಹೇಳಿಕೊಳ್ಳೋರಲ್ಲಿ 10ಕ್ಕೆ 9 ಜನಕ್ಕಿಂತ ಹೆಚ್ಚು ಪರೀಕ್ಷೆ ಮಾಡಿದ್ರೆ ಪೆನಿಸಿಲಿನ್ ತಡ್ಕೋತಾರೆ. ಏನಾಯ್ತು, ಯಾವಾಗ, ಎಷ್ಟು ಹೊತ್ತಿಗೆ ಅಂತ ಮೂರು ಪ್ರಶ್ನೆ ಕೊಟ್ಟಿದಾರೆ, ನಾನು ಅಡ್ಮಿಷನ್ ಹೊತ್ತಲ್ಲಿ ಇದನ್ನೇ ಕೇಳ್ತೀನಿ. ಚಿಕ್ಕವರಿದ್ದಾಗ ವಾಂತಿ ಆಗಿತ್ತು ಅನ್ನೋದನ್ನ ಅಲರ್ಜಿ ಅಂತ ಹೊತ್ತುಕೊಂಡು ಬರೋರು ಎಷ್ಟೋ ಜನ, ಅವರಿಗೆಲ್ಲಾ ಸಾಮಾನ್ಯ ಸ್ಟ್ಯಾಫ್‌ಗೆ ಸೆಫಜೊಲಿನ್ ಬದಲು ವ್ಯಾಂಕೋಮೈಸಿನ್ ಬರೆದು ಹೆಚ್ಚು ತೊಂದರೆ, ಕಮ್ಮಿ ಗುಣ ಕೊಟ್ಟ ಹಾಗಾಗುತ್ತೆ.

5ಕ್ಕೆ ಮೂರೂವರೆ ಕೊಡ್ತೀನಿ. ಬಣ್ಣದ ಪುಟಕ್ಕೆ, ಕಿಡ್ನಿ ಟೇಬಲ್‌ಗೆ ಪೂರ್ತಿ ಮಾರ್ಕು, ಕೊಲಿಸ್ಟಿನ್ ಸಾಲಿಗೆ ಸೊನ್ನೆ, ಕೊನೇ ಮಡಿಕೆಗೆ ಅರ್ಧ. ಓದ್ತಾ ಇರೋ ಮೆಡಿಕಲ್, ಫಾರ್ಮಸಿ, ನರ್ಸಿಂಗ್ ಮಕ್ಕಳು ಖಂಡಿತ ತಗೊಳ್ಳಿ, ನಿಮ್ಮ ಆಸ್ಪತ್ರೆಯದೇ ಆಂಟಿಬಯೋಗ್ರಾಮ್ (ಅಲ್ಲಿನ ಬ್ಯಾಕ್ಟೀರಿಯಾಗೆ ಯಾವ ಔಷಧಿ ನಾಟುತ್ತೆ ಅನ್ನೋ ಪಟ್ಟಿ) ಇದ್ರೆ ಪಕ್ಕದಲ್ಲಿಟ್ಟುಕೊಂಡು ನೋಡಿ, ಚಾರ್ಟಿನ ಹಸಿರು ನಿಮ್ಮ ವಾರ್ಡಿನ ಕ್ಲೆಬ್ಸಿಯೆಲ್ಲಾಗೆ ಗೊತ್ತಿರಲ್ಲ. ಮನೆಯಲ್ಲಿ ಇಟ್ಟುಕೊಂಡು ಜ್ವರಕ್ಕೆ ತಾವೇ ಮಾತ್ರೆ ಆರಿಸೋಕೆ ಅಂತ ದಯವಿಟ್ಟು ಬೇಡ. ಮೊನ್ನೆ ಹೊಸ ಪ್ರತಿ ತರಿಸಿದೆ, ಕೊಲಿಸ್ಟಿನ್ ಸಾಲು ಹಾಗೇ ಇದೆ, ಟ್ರಫ್ ನಂಬರೂ ಹಾಗೇ ಇದೆ, ಕಂಪನಿಗೆ ಎರಡನೇ ಸಲ ಮೇಲ್ ಕಳಿಸಿದೀನಿ. ನೈಟ್ ಡ್ಯೂಟಿಗೆ ಬಂದಿದ್ದ ಹೊಸ ಹುಡುಗಿ ಹಳೇದನ್ನ ನನಗೆ ಕೊಡ್ತೀರಾ ಅಕ್ಕ ಅಂತ ಕೇಳಿದ್ಲು, ಹೊಸದು ತಗೋ ಅಂದ್ರೆ ಬೇಡ, ನೀವು ಬರೆದಿರೋದು ಇದರಲ್ಲಿ ತಾನೇ ಇರೋದು ಅಂದ್ಲು. ಕೊಟ್ಟೆ. ಈಗ ಹೊಸದರ ಮೇಲೆ ಮೊದಲಿಂದ ಬರೀತಾ ಇದೀನಿ, ಸೆಫೆಪಿಮ್ ಸಾಲು ಮೊದಲು ಬರೆದೆ.